ಕೀಲುನೋವಿಗೆ ಆಂಟಿಬಾಡಿ ಟೆಸ್ಟ್: ಯಾವಾಗ ಮಾಡಿಸಬೇಕು, ರಿಪೋರ್ಟ್ ಹೇಗೆ ಓದಬೇಕು

ಅಡಿಕೆ ಸುಲಿತ ಶುರುವಾಯಿತೆಂದರೆ ಶಿವಮೊಗ್ಗದ ನಮ್ಮ ಲ್ಯಾಬಿಗೆ ಕೈನೋವಿನವರು ಹೆಚ್ಚುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿರುತ್ತಾರೆ. ಕೆಲವರ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ. ಉಳಿದವರು ಚೀಟಿಯಿಲ್ಲದೆಯೇ ಕೌಂಟರಿಗೆ ಬಂದು, "ವಾತದ್ದು ಎಂತದೋ ಫುಲ್ ಟೆಸ್ಟ್ ಇದೆಯಂತಲ್ಲ ಮೇಡಂ, ಅದೊಂದು ಮಾಡಿಬಿಡಿ" ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸ್ವಲ್ಪ ಕಸಿವಿಸಿ. ನಾನು ಔಷಧ ಬರೆಯುವವಳಲ್ಲ, ರಕ್ತದಿಂದ ಸೀರಂ, ಅಂದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು, ತೆಗೆದು, ಸ್ಲೈಡ್ ಮಾಡಿ, ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡುವ ಟೆಕ್ನಿಷಿಯನ್. ಹಾಗಾಗಿಯೇ ಗೊತ್ತು, ಈ ಟೆಸ್ಟು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನೆ ಹೆದರಿಸುತ್ತದೆ ಅಂತ.

ಆಂಟಿಬಾಡಿ ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು. ಕೆಲವು ಕಾಯಿಲೆಗಳಲ್ಲಿ ಅದು ಸ್ವಂತ ದೇಹದ ಮೇಲೇ ತಿರುಗಿಬೀಳುತ್ತದೆ, ಅಂಥದ್ದನ್ನು ರಕ್ತದಲ್ಲಿ ಹುಡುಕುವುದೇ ಈ ಟೆಸ್ಟ್. ಮೊದಲೇ ಹೇಳಿಬಿಡುತ್ತೇನೆ. ಲಕ್ಷಣ ನೋಡಿ, ಇಂಥ ಕಾಯಿಲೆ ಇರಬಹುದು ಅಂತ ಅನುಮಾನ ಬಂದಮೇಲೆ ಮಾಡಿಸಿದರೆ ಆಂಟಿಬಾಡಿ ಟೆಸ್ಟ್ ಒಳ್ಳೆಯ ಸಾಕ್ಷಿ. ಏನೂ ಅನುಮಾನವಿಲ್ಲದೆ, ಶುಗರ್ ಚೆಕ್ ಮಾಡಿಸಿದಂತೆ ಎಲ್ಲರಿಗೂ ಮಾಡಿಸಿದರೆ ಕಾಯಿಲೆ ಇಲ್ಲದವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಯಾಕೆ ಅನ್ನುವ ಲೆಕ್ಕ ಮುಂದೆ ಬರುತ್ತದೆ.

ರಕ್ತ ಕೊಡುವ ಮೊದಲು ಕೈ ನೋಡಿಕೊಳ್ಳಿ

ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರ ಹೆಬ್ಬೆರಳಿನ ಬುಡ, ಮಣಿಕಟ್ಟು, ಭುಜ ನೋಯುವುದು ಸಹಜ. ಆ ನೋವು ಸಂಜೆಗೆ ಜೋರು, ರಾತ್ರಿ ಮಲಗೆದ್ದರೆ ಕಡಿಮೆ. ಸುಲಿತ ಮುಗಿದು ಎರಡು ಮೂರು ವಾರಕ್ಕೆ ಇಳಿಯುತ್ತದೆ. ಬೆರಳಿನ ತುದಿ ಗಿಣ್ಣಿನಲ್ಲಿ ಗಟ್ಟಿ ಗಂಟು ಎದ್ದಿದ್ದರೆ ಅದು ಬಹುತೇಕ ವಯಸ್ಸಿನ ಸವೆತ. ಇವೆರಡಕ್ಕೂ ಆಂಟಿಬಾಡಿ ಟೆಸ್ಟ್ ಬೇಕಿಲ್ಲ.

ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದ ರೀತಿಯೇ ಬೇರೆ. ಅದರಲ್ಲಿ ಬೆಳಗ್ಗೆಯೇ ಕಷ್ಟ. ಎದ್ದ ಮೇಲೆ ಮುಷ್ಟಿ ಕಟ್ಟಲಾಗದು, ಹಾಲಿನ ಪಾತ್ರೆ ಎತ್ತಲಾಗದು, ಆ ಬಿಗಿತ ಬಿಡಲು ಅರ್ಧ ಗಂಟೆಯಿಂದ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಬೇಕು. ಕೆಲಸ ಮಾಡುತ್ತಾ ಹೋದಂತೆ ಕೈ ಸಡಿಲವಾಗುತ್ತದೆ. ಬೆರಳಿನ ಬುಡದ ಗಿಣ್ಣು, ನಡು ಗಿಣ್ಣು, ಮಣಿಕಟ್ಟು ಊದಿರುತ್ತವೆ, ಸಾಮಾನ್ಯವಾಗಿ ಎರಡೂ ಕೈಯಲ್ಲಿ. ಒತ್ತಿದರೆ ಎಲುಬಿನಂತೆ ಗಟ್ಟಿ ಇರದೆ ಮೆತ್ತಗಿರುತ್ತದೆ. ಇದು ಆರು ವಾರ ದಾಟಿದರೆ ಟೆಸ್ಟ್ ಮಾಡಿಸಲು ಅರ್ಥವಿದೆ. ಊತ ಜೋರಿದ್ದರೆ ಆರು ವಾರ ಕಾಯುವುದೂ ಬೇಡ, ಡಾಕ್ಟರಿಗೆ ತೋರಿಸಿ.

ಲೂಪಸ್ (ರಕ್ಷಣಾ ವ್ಯವಸ್ಥೆ ಚರ್ಮ, ಕೀಲು, ಕಿಡ್ನಿ ಹೀಗೆ ಹಲವು ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಮತ್ತು ಅದರ ಬಳಗದ ಕಾಯಿಲೆಗಳ ಸುಳಿವು ಕೀಲಿನಲ್ಲಿ ಮಾತ್ರ ಇರುವುದಿಲ್ಲ. ಗದ್ದೆ ನೆಟ್ಟಿಗೆ ಹೋಗಿ ಬಿಸಿಲು ಬಿದ್ದಾಗಲೆಲ್ಲ ಕೆನ್ನೆ, ಮೂಗಿನ ಮೇಲೆ ಕೆಂಪು ದದ್ದು ಏಳುವುದು, ಬಾಯೊಳಗೆ ನೋಯದ ಹುಣ್ಣು, ಕೂದಲು ಹಿಡಿಹಿಡಿಯಾಗಿ ಉದುರುವುದು, ಕಾರಣ ತಿಳಿಯದ ಜ್ವರ, ರಕ್ತದಲ್ಲಿ ಪ್ಲೇಟ್‌ಲೆಟ್ ಅಥವಾ ಬಿಳಿ ರಕ್ತಕಣ ಇಳಿದಿರುವುದು, ಮೂತ್ರದಲ್ಲಿ ನೊರೆ, ಉಸಿರೆಳೆದರೆ ಎದೆ ಚುಚ್ಚುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ಡಾಕ್ಟರು ಎಎನ್‌ಎ ಅನ್ನುವ ಆಂಟಿಬಾಡಿ ಟೆಸ್ಟ್ ಬರೆಯುತ್ತಾರೆ.

ನಮ್ಮ ಮಲೆನಾಡಿನ ಚಳಿಗಾಲ ಒಂದು ಟೆಸ್ಟನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಬೆಳಗ್ಗೆ ತಣ್ಣೀರಿನಲ್ಲಿ ಪಾತ್ರೆ ತಿಕ್ಕುವಾಗ ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಒಲೆ ಮುಂದೆ ಹಿಡಿದಾಗ ಕೆಂಪೇರಿ ಉರಿಯುತ್ತದೆಯೇ? ಅದಕ್ಕೆ ರೇನೋ ಅನ್ನುತ್ತಾರೆ. ಚಿಕ್ಕ ವಯಸ್ಸಿನಿಂದಲೂ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಚಿಂತೆಯಿಲ್ಲ. ಮೂವತ್ತು ನಲವತ್ತರ ಮೇಲೆ ಹೊಸದಾಗಿ ಶುರುವಾಗಿ, ಜೊತೆಗೆ ಬೆರಳಿನ ಚರ್ಮ ಬಿಗಿಯುತ್ತಿದ್ದರೆ, ಬೆರಳ ತುದಿಯಲ್ಲಿ ಹುಣ್ಣಾಗುತ್ತಿದ್ದರೆ, ಅದು ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಕಾಯಿಲೆಯ ಮುನ್ಸೂಚನೆ ಇರಬಹುದು. ಎಎನ್‌ಎ ಮಾಡಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಬಾಯಿ ಎಷ್ಟು ಒಣಗಿದೆಯೆಂದರೆ ಅವಲಕ್ಕಿ ನೀರಿಲ್ಲದೆ ಗಂಟಲಿಳಿಯುವುದಿಲ್ಲ, ಕಣ್ಣಲ್ಲಿ ಸದಾ ಮರಳು ಬಿದ್ದ ಹಾಗೆ ಅನ್ನುವವರು ಶೋಗ್ರೆನ್ ಕಾಯಿಲೆಗೆ ನೋಡಿಸಿಕೊಳ್ಳಬೇಕು. ಮಣೆಯಿಂದ ಏಳಲು, ತಲೆ ಬಾಚಲು ಶಕ್ತಿಯೇ ಇಲ್ಲ, ನೋವಿಗಿಂತ ನಿಶ್ಶಕ್ತಿ ಹೆಚ್ಚು ಅನ್ನುವವರು ಸ್ನಾಯು ಉರಿಯೂತಕ್ಕೆ. ಅವರಿಗೆ ಮೊದಲು ಸಿಪಿಕೆ ಅನ್ನುವ ಕಿಣ್ವದ ಟೆಸ್ಟ್.

"ಮೈಕೈ ನೋವು, ಸುಸ್ತು ಅಷ್ಟೇ" ಅಂದರೆ? ಆಗ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ, ಶುಗರ್ ನೋಡಿಸಿ. ಎಎನ್‌ಎ ಬೇಡ.

ನಮ್ಮ ಕಡೆಯದ್ದೇ ಆದ ಮೂರು ಗೊಂದಲ

ಚಿಕೂನ್‌ಗುನ್ಯಾ ಮೊದಲನೆಯದು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಬಂದು ಹೋದದ್ದು ನಮ್ಮ ಹಿರಿಯರಿಗೆಲ್ಲ ನೆನಪಿದೆ. ಜ್ವರ ಒಂದು ವಾರಕ್ಕೆ ಬಿಟ್ಟರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ, ವರ್ಷವೂ ಉಳಿಯುತ್ತದೆ. ಬೆಳಗಿನ ಬಿಗಿತ, ಎರಡೂ ಮಣಿಕಟ್ಟಿನ ಊತ ಎಲ್ಲ ರುಮಟಾಯ್ಡ್ ಥರವೇ. ಈ ಹೊತ್ತಿನಲ್ಲಿ ರುಮಟಾಯ್ಡ್‌ಗೆ ನೋಡುವ ಆರ್‌ಎಫ್ ಟೆಸ್ಟ್ ಮಾಡಿಸಿದರೆ ಸ್ವಲ್ಪ ಪಾಸಿಟಿವ್ ಬರಲೂಬಹುದು. ಆದ್ದರಿಂದ ಹಿಂದಿನ ಆರು ತಿಂಗಳಲ್ಲಿ ಜೋರು ಜ್ವರ ಬಂದಿತ್ತೇ, ಮನೆಯಲ್ಲಿ, ಅಕ್ಕಪಕ್ಕದಲ್ಲಿ ಬೇರೆಯವರಿಗೂ ಬಂದಿತ್ತೇ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಚಳಿಗಾಲದ ಕೊನೆಯಿಂದ ಮಳೆ ಬರುವವರೆಗೆ ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗಿ ಬಂದವರಿಗೆ ಏಕಾಏಕಿ ಜ್ವರ, ತಲೆನೋವು, ಮೈಯೆಲ್ಲ ಮುರಿದಂತಾದರೆ ಸರ್ಕಾರಿ ಆಸ್ಪತ್ರೆಗೆ ಓಡಿ. ಅದಕ್ಕೆ ಬೇರೆಯದೇ ಟೆಸ್ಟ್. ವಾತದ ಪ್ಯಾಕೇಜಿನಲ್ಲಿ ಅದು ಸಿಗುವುದಿಲ್ಲ.

ಮೂರನೆಯದು ಸಾಗರ ಸುತ್ತಿನ ಹಂದಿಗೋಡು ಕಾಯಿಲೆ. ಸೊಂಟದ, ಮಂಡಿಯ ಕೀಲು ಚಿಕ್ಕ ವಯಸ್ಸಿಗೇ ಹಾಳಾಗಿ ನಡೆಯಲಾಗದಂತಾಗುವ ಇದು 1970ರ ದಶಕದಲ್ಲಿ ಬೆಳಕಿಗೆ ಬಂತು. ಮೂಳೆಯ ಬೆಳವಣಿಗೆಯಲ್ಲೇ ಇರುವ, ವಂಶದಲ್ಲಿ ಇಳಿದು ಬರುವ ದೋಷ. ದೇಹದ ರಕ್ಷಣಾ ವ್ಯವಸ್ಥೆ ತಿರುಗಿಬಿದ್ದದ್ದಲ್ಲ. ಮನೆತನದಲ್ಲಿ ಹೀಗಿದ್ದವರಿಗೆ ಎಕ್ಸ್‌-ರೇ ಹೇಳುವುದನ್ನು ಯಾವ ಆಂಟಿಬಾಡಿಯೂ ಹೇಳದು.

ಪ್ಯಾಕೇಜ್ ನೋಡಿ ಮಾರುಹೋಗಬೇಡಿ

"ಆರ್ಥ್ರೈಟಿಸ್ ಪ್ರೊಫೈಲ್" ಅಂತ ಬೋರ್ಡ್ ಹಾಕಿರುತ್ತಾರೆ. ಒಳಗೆ ಯೂರಿಕ್ ಆಸಿಡ್, ಎಎಸ್‌ಒ, ಆರ್‌ಎಫ್, ಸಿಆರ್‌ಪಿ ಇರುತ್ತವೆ. ಈ ಎಎಸ್‌ಒ ಬಗ್ಗೆ ನನಗೆ ತಕರಾರಿದೆ. ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಹಿಂದೆ ಗಂಟಲುನೋವು ಬಂದಿತ್ತು ಅನ್ನುವುದಕ್ಕಷ್ಟೇ ಅದು ಗುರುತು. ಮಕ್ಕಳಲ್ಲಿ ರುಮಾಟಿಕ್ ಜ್ವರದ ಅನುಮಾನವಿದ್ದಾಗ ಬೇಕಾಗುತ್ತದೆ. ಐವತ್ತರ ಹೆಂಗಸಿನ ಮಂಡಿನೋವಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ "ಎಎಸ್‌ಒ ಜಾಸ್ತಿ ಇದೆ, ವಾತ" ಅಂತ ವರ್ಷಗಟ್ಟಲೆ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಂಡವರನ್ನು ಈ ಕೌಂಟರಿನಲ್ಲೇ ಕಂಡಿದ್ದೇನೆ.

ಮೊದಲ ಸುತ್ತಿಗೆ ಬೇಕಾದದ್ದು ಕಡಿಮೆ ದುಡ್ಡಿನವೇ: ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ ಮತ್ತು ಸಿಆರ್‌ಪಿ (ಎರಡೂ ಉರಿಯೂತದ ಅಳತೆ), ಕ್ರಿಯಾಟಿನಿನ್ (ಕಿಡ್ನಿಯದ್ದು), ಮತ್ತು ಮೂತ್ರದ ಸಾಮಾನ್ಯ ಪರೀಕ್ಷೆ. ಮೂತ್ರದ್ದನ್ನು ಜನ ತಾತ್ಸಾರ ಮಾಡುತ್ತಾರೆ. ಲೂಪಸ್ ಕಿಡ್ನಿಗೆ ಇಳಿದರೆ ನೋವಿರುವುದಿಲ್ಲ, ಮೊದಲು ಗೊತ್ತಾಗುವುದು ಮೂತ್ರದ ಪ್ರೋಟೀನ್ ಮತ್ತು ಕೆಂಪು ರಕ್ತಕಣದಲ್ಲೇ. ಇನ್ನೊಂದು ಸೂಕ್ಷ್ಮ: ಲೂಪಸ್ ಜೋರಾಗಿರುವಾಗಲೂ ಇಎಸ್‌ಆರ್ ಏರಿ ಸಿಆರ್‌ಪಿ ನಾರ್ಮಲ್ ಇರಬಹುದು. ಸಿಆರ್‌ಪಿ ಸರಿಯಿದೆ ಅಂದಮಾತ್ರಕ್ಕೆ ಏನೂ ಇಲ್ಲ ಅಂತಲ್ಲ.

ಆಮೇಲೆ ಆಂಟಿಬಾಡಿ. ಕೈಗಿಣ್ಣಿನ ಊತವಿದ್ದರೆ ಆರ್‌ಎಫ್ ಮತ್ತು ಆಂಟಿ-ಸಿಸಿಪಿ. ಲೂಪಸ್, ಶೋಗ್ರೆನ್, ಸ್ಕ್ಲೀರೋಡರ್ಮಾ ಅನುಮಾನವಿದ್ದರೆ ಎಎನ್‌ಎ.

ರಕ್ತ ಕೊಡುವ ದಿನ

ಖಾಲಿ ಹೊಟ್ಟೆ ಬೇಕಿಲ್ಲ. ಹೊಸನಗರದಿಂದ ಮೊದಲ ಬಸ್ಸಿಗೆ ಬಂದು, ತಿಂಡಿಯೂ ಇಲ್ಲದೆ ತಲೆಸುತ್ತಿ ಬೀಳುವಷ್ಟು ಕಾಯುತ್ತಾರೆ ಪಾಪ. ತಿಂದು ಬನ್ನಿ. ಎಣ್ಣೆ ತುಪ್ಪದ ಊಟ ಗಡದ್ದಾಗಿ ಮಾಡಿ ಆ ಕೂಡಲೇ ಕೊಡಬೇಡಿ ಅಷ್ಟೇ, ಸೀರಂ ಹಾಲಿನಂತೆ ಬೆಳ್ಳಗಾಗಿ ನಮಗೆ ತೊಂದರೆ. ಸಾದಾ ಟ್ಯೂಬ್ ಅಥವಾ ಜೆಲ್ ಇರುವ ಹಳದಿ ಮುಚ್ಚಳದ ಟ್ಯೂಬಿನಲ್ಲಿ ನಾಲ್ಕೈದು ಎಂಎಲ್ ಸಾಕು. ಅದು ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ನಿಮ್ಮೂರಿನ ಕಲೆಕ್ಷನ್ ಸೆಂಟರಿನಲ್ಲಿ ಕೊಡುವುದಾದರೆ ಸೀರಂ ಅಲ್ಲೇ ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ಟು ಕಳಿಸುತ್ತಾರೋ ಕೇಳಿ. ರಕ್ತವನ್ನು ಹಾಗೇ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದರೆ ಕಣ ಒಡೆದು ಕೆಂಪಾಗುತ್ತದೆ. ಮತ್ತೆ ಚುಚ್ಚಿಸಿಕೊಳ್ಳಬೇಕು.

ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ಟಿಬಿಗೆ ಕೊಡುವ ಐಸೋನಿಯಾಜಿಡ್, ಬಿಪಿಗೆ ಕೊಡುವ ಹೈಡ್ರಲಜೀನ್, ಮೊಡವೆಗೆ ಕೊಡುವ ಮಿನೋಸೈಕ್ಲಿನ್‌ನಂಥವು ಎಎನ್‌ಎ ಪಾಸಿಟಿವ್ ಮಾಡಬಲ್ಲವು, ಅಪರೂಪಕ್ಕೆ ಔಷಧದಿಂದಲೇ ಲೂಪಸ್ ಲಕ್ಷಣ ತರಿಸಬಲ್ಲವು. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಅದನ್ನೂ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಅದು ರಿಸಲ್ಟ್ ಏರುಪೇರು ಮಾಡುತ್ತದೆ.

ಆರ್‌ಎಫ್ ಮತ್ತು ಸಿಸಿಪಿ

ಆರ್‌ಎಫ್ ಹಳೆಯದು, ವಾಲರ್ ಎಂಬ ನಾರ್ವೆಯ ವೈದ್ಯ 1940ರಲ್ಲಿ ವಿವರಿಸಿದ್ದು. ರುಮಟಾಯ್ಡ್ ಇರುವ ಹತ್ತರಲ್ಲಿ ಏಳೆಂಟು ಜನರಲ್ಲಿ ಪಾಸಿಟಿವ್. ತೊಂದರೆ ಏನೆಂದರೆ ವಯಸ್ಸಾದವರಲ್ಲಿ, ಟಿಬಿ ಇದ್ದವರಲ್ಲಿ, ಹೆಪಟೈಟಿಸ್ ಸಿ ಇದ್ದವರಲ್ಲಿ, ಹೃದಯದ ಕವಾಟದ ಸೋಂಕಿನಲ್ಲಿ, ಶೋಗ್ರೆನ್‌ನಲ್ಲೂ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಅದಕ್ಕಿಂತ ನಿಖರ. ಕಾಯಿಲೆ ಇಲ್ಲದ ನೂರು ಜನರಲ್ಲಿ ಸುಮಾರು 95 ಜನಕ್ಕೆ ನೆಗೆಟಿವ್ ಬರುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದೆ ಅನ್ನುವವರಿಗೆ ಸಿಸಿಪಿ ಕೇಳಿನೋಡಿ ಅನ್ನುತ್ತೇನೆ. ಕೀಲು ಊದುವ ವರ್ಷಗಳ ಮೊದಲೇ ಇದು ರಕ್ತದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇಷ್ಟಾದರೂ ಊತವಿಲ್ಲದವರು ಮುಂಜಾಗ್ರತೆಗೆ ಅಂತ ಮಾಡಿಸಬೇಕಾಗಿಲ್ಲ.

ರಿಪೋರ್ಟಿನಲ್ಲಿ ಸಂಖ್ಯೆ ನೋಡಿ, ಪಕ್ಕದಲ್ಲಿ ಆ ಲ್ಯಾಬಿನ ಮಿತಿ ನೋಡಿ. ಮಿತಿ 14 ಇದ್ದು ನಿಮ್ಮದು 18 ಬಂದಿದ್ದರೆ ಅದು "ಸ್ವಲ್ಪ ಪಾಸಿಟಿವ್". ಮಿತಿಯ ಮೂರು ಪಟ್ಟು, ಅಂದರೆ 42 ದಾಟಿದರೆ "ಜೋರು ಪಾಸಿಟಿವ್". 2010ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಅಂಕ. ಗೆರೆ ದಾಟಿತು ಅಂತ ಎಲ್ಲ ಪಾಸಿಟಿವ್‌ಗಳೂ ಒಂದೇ ಅಲ್ಲ.

ಎರಡೂ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ರುಮಟಾಯ್ಡ್ ಇರುವವರಲ್ಲಿ ಐದರಲ್ಲಿ ಒಬ್ಬರಿಗಾದರೂ ಎರಡೂ ನೆಗೆಟಿವ್. ಸೋರಿಯಾಸಿಸ್ ಜೊತೆ ಬರುವ ಸಂಧಿವಾತ, ಬೆನ್ನುಮೂಳೆ ಬಿಗಿಯುವ ಸ್ಪಾಂಡಿಲೈಟಿಸ್ ಇವುಗಳಲ್ಲಿ ಆಂಟಿಬಾಡಿ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಊದಿದ ಗಿಣ್ಣು ಕಣ್ಣೆದುರು ಇರುವಾಗ ಕಾಗದದ ನೆಗೆಟಿವ್ ನಂಬಿ ಮನೆಗೆ ಹೋಗಬೇಡಿ.

ಎಎನ್‌ಎ: ಕತ್ತಲೆ ಕೋಣೆಯಲ್ಲಿ ಏನು ನೋಡುತ್ತೇವೆ

ದೇಹದ ಜೀವಕೋಶದ ಕೇಂದ್ರಕ್ಕೇ ಅಂಟಿಕೊಳ್ಳುವ ಆಂಟಿಬಾಡಿಗಳಿಗೆ ಒಟ್ಟಾಗಿ ಎಎನ್‌ಎ ಅನ್ನುತ್ತಾರೆ. ಟೆಸ್ಟ್ ಎರಡು ಬಗೆ. ಎಲೈಸಾ ಮೆಷಿನ್ ಒಂದು ಸಂಖ್ಯೆ ಕೊಡುತ್ತದೆ. ಇಮ್ಯುನೊಫ್ಲೂರೆಸೆನ್ಸ್, ಅಂದರೆ ರಿಪೋರ್ಟಿನಲ್ಲಿ ಐಎಫ್ ಅಥವಾ ಐಎಫ್‌ಎ ಅಂತ ಬರೆದಿರುವುದು, ಕಣ್ಣಿಂದ ನೋಡುವಂಥದ್ದು. ಹೆಪ್-2 ಎಂಬ ಮಾನವ ಜೀವಕೋಶಗಳನ್ನು ಅಂಟಿಸಿದ ಸ್ಲೈಡಿನಲ್ಲಿ ಮಾಡುವ ಐಎಫ್ ವಿಧಾನವನ್ನೇ ರುಮಟಾಲಜಿಸ್ಟರು (ವಾತದ ಕಾಯಿಲೆಗಳ ತಜ್ಞರು) ಕೇಳುವುದು. ಎಲೈಸಾದಲ್ಲಿ ಕೆಲವು ಆಂಟಿಬಾಡಿ ತಪ್ಪಿಹೋಗಬಹುದು. ದುಡ್ಡು ಕಟ್ಟುವ ಮೊದಲೇ ಕೌಂಟರಿನಲ್ಲಿ ಕೇಳಿ: "ಎಎನ್‌ಎ ಐಎಫ್‌ನಲ್ಲಿ ಮಾಡ್ತೀರಾ, ಎಲೈಸಾದಲ್ಲಾ?"

ನಮ್ಮ ಕೆಲಸ ಹೀಗೆ. ಸೀರಂ ಅನ್ನು ದ್ರಾವಣದಲ್ಲಿ ತೆಳುಮಾಡಿ ಸ್ಲೈಡಿನ ಪ್ರತಿ ಚುಕ್ಕೆಗೆ ಒಂದೊಂದು ಹನಿ ಬಿಡುತ್ತೇವೆ. ಅರ್ಧ ಗಂಟೆ ಬಿಟ್ಟು ತೊಳೆದು, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿ ಹಾಕಿ ಮತ್ತೆ ಅರ್ಧ ಗಂಟೆ, ಮತ್ತೆ ತೊಳೆತ. ಕವರ್ ಗ್ಲಾಸ್ ಮುಚ್ಚಿ, ಲೈಟ್ ಆರಿಸಿ, ನೀಲಿ ಬೆಳಕಿನಲ್ಲಿ ನೋಡಿದರೆ ನೆಗೆಟಿವ್ ಚುಕ್ಕೆಯಲ್ಲಿ ಜೀವಕೋಶಗಳು ಮಂಕು ನೆರಳಿನಂತೆ ಮಲಗಿರುತ್ತವೆ. ಪಾಸಿಟಿವ್ ಇದ್ದರೆ ಒಂದೊಂದು ಕೇಂದ್ರವೂ ಹಸಿರಾಗಿ ಬೆಳಗುತ್ತದೆ. ಎಷ್ಟು ವರ್ಷ ನೋಡಿದರೂ ಸೆಂಟ್ರೋಮಿಯರ್ ಪ್ಯಾಟರ್ನ್ ಕಂಡಾಗ ಒಂದು ಕ್ಷಣ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ. ಕೇಂದ್ರದೊಳಗೆ ಬಿಡಿಬಿಡಿಯಾಗಿ, ಒಂದೇ ಗಾತ್ರದ ಹಸಿರು ಚುಕ್ಕೆಗಳು, ವಿಭಜನೆಯಾಗುತ್ತಿರುವ ಕೋಶದಲ್ಲಿ ಅವೇ ಚುಕ್ಕೆಗಳು ನಡುವೆ ಸಾಲುಗಟ್ಟಿರುತ್ತವೆ. ಅಂಥ ಪ್ಯಾಟರ್ನ್ ಬಂದಾಗ ಚೀಟಿಯಲ್ಲಿ ಲಕ್ಷಣ ಏನು ಬರೆದಿದ್ದಾರೆ ಅಂತ ತಿರುಗಿ ನೋಡುತ್ತೇನೆ. ಎಷ್ಟೋ ಸಲ "ಚಳಿಗೆ ಬೆರಳು ಬಿಳಿ" ಅಂತ ಇರುತ್ತದೆ.

ಪ್ರತಿ ಸಲವೂ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ಸೀರಂ ಜೊತೆಗೆ ಓಡಿಸುತ್ತೇವೆ. ಅವೆರಡು ಸರಿ ಬರದಿದ್ದರೆ ಅವತ್ತಿನ ಸ್ಲೈಡೇ ರದ್ದು.

1:80 ಅಂದರೆ ಎಷ್ಟು?

ರಿಪೋರ್ಟಿನಲ್ಲಿ ಎರಡು ವಿಷಯ ಇರಲೇಬೇಕು, ಟೈಟರ್ ಮತ್ತು ಪ್ಯಾಟರ್ನ್. ಬರೀ "ಪಾಸಿಟಿವ್" ಅಂತ ಕೊಟ್ಟಿದ್ದರೆ ಆ ರಿಪೋರ್ಟ್ ಅರ್ಧ. ಲ್ಯಾಬಿಗೆ ಹೋಗಿ ಕೇಳಿ.

ಟೈಟರ್ ಅಂದರೆ ಮಜ್ಜಿಗೆಗೆ ನೀರು ಬೆರೆಸುತ್ತಾ ಹೋಗಿ ಹುಳಿ ಎಲ್ಲಿಯವರೆಗೆ ನಾಲಿಗೆಗೆ ಸಿಗುತ್ತದೆ ಅಂತ ನೋಡಿದ ಹಾಗೆ. ಸೀರಂ ಅನ್ನು 40 ಪಟ್ಟು ತೆಳುಮಾಡಿದಾಗ ಹೊಳೆದರೆ 1:40, 80 ಪಟ್ಟಿಗೂ ಹೊಳೆದರೆ 1:80, ಹೀಗೇ 160, 320, 640. ಬಲಗಡೆಯ ಸಂಖ್ಯೆ ದೊಡ್ಡದಾದಷ್ಟೂ ಆಂಟಿಬಾಡಿ ಹೆಚ್ಚು. ಒಂದು ಮೆಟ್ಟಿಲು ಆಚೀಚೆ ಆಗುವುದು ನಮ್ಮ ಕೈಯಲ್ಲಿ, ಕಣ್ಣಿನಲ್ಲಿ ಸಹಜ. ಒಂದು ಲ್ಯಾಬಿನಲ್ಲಿ 1:80, ಇನ್ನೊಂದರಲ್ಲಿ 1:160 ಬಂದರೆ ಕಾಯಿಲೆ ಎರಡು ಪಟ್ಟಾಯಿತು ಅಂತಲ್ಲ.

ಈಗ ಆ ಲೆಕ್ಕ. 1997ರಲ್ಲಿ ಪ್ರಕಟವಾದ, ಬೇರೆ ಬೇರೆ ದೇಶಗಳ 15 ಲ್ಯಾಬ್‌ಗಳು ಸೇರಿ ಮಾಡಿದ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನೇ ಪರೀಕ್ಷಿಸಿದ್ದರು. 1:40ರಲ್ಲಿ ಶೇ. 31.7, 1:80ರಲ್ಲಿ ಶೇ. 13.3, 1:160ರಲ್ಲಿ ಶೇ. 5, 1:320ರಲ್ಲಿ ಶೇ. 3.3 ಜನ ಪಾಸಿಟಿವ್! ಯಾರಿಗೂ ಕಾಯಿಲೆ ಇರಲಿಲ್ಲ. ಲಕ್ಷ ಜನರಿರುವ ಒಂದು ಊರಿನಲ್ಲಿ 50 ಜನಕ್ಕೆ ಲೂಪಸ್ ಇದೆ ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಡೀ ಊರಿಗೆ 1:80ರಲ್ಲಿ ಎಎನ್‌ಎ ಮಾಡಿದರೆ ಆ 50 ಜನರಲ್ಲಿ ಬಹುತೇಕ ಎಲ್ಲರೂ ಸಿಗುತ್ತಾರೆ, ಜೊತೆಗೆ ಏನೂ ಇಲ್ಲದ 13 ಸಾವಿರ ಜನರೂ. ಅಷ್ಟೂ ಜನ ರಾತ್ರಿ ನಿದ್ದೆಗೆಟ್ಟು ಮೊಬೈಲಿನಲ್ಲಿ ಲೂಪಸ್ ಹುಡುಕುತ್ತಾ ಕೂರುತ್ತಾರೆ. ಅದೇ ಟೆಸ್ಟನ್ನು ಬಿಸಿಲಿಗೆ ದದ್ದು, ಬಾಯಿ ಹುಣ್ಣು, ಮೂತ್ರದಲ್ಲಿ ಪ್ರೋಟೀನ್ ಇರುವ ಹುಡುಗಿಗೆ ಮಾಡಿದರೆ ಆ ಪಾಸಿಟಿವ್‌ಗೆ ಬೇರೆಯದೇ ತೂಕ.

ನೆಗೆಟಿವ್ ರಿಪೋರ್ಟಿನ ಬೆಲೆ ಇಲ್ಲಿ ಹೆಚ್ಚು. ಲೂಪಸ್ ಇರುವ ನೂರರಲ್ಲಿ 95ಕ್ಕಿಂತ ಹೆಚ್ಚು ಜನಕ್ಕೆ ಎಎನ್‌ಎ ಪಾಸಿಟಿವ್ ಇರುವುದರಿಂದ, ಐಎಫ್‌ನಲ್ಲಿ ನೆಗೆಟಿವ್ ಬಂದರೆ ಲೂಪಸ್ ಬಹುಮಟ್ಟಿಗೆ ಅಲ್ಲ ಅನ್ನಬಹುದು. 2019ರ ಲೂಪಸ್ ಮಾನದಂಡದಲ್ಲಿ 1:80 ಅಥವಾ ಅದಕ್ಕಿಂತ ಹೆಚ್ಚು ಎಎನ್‌ಎ ಅನ್ನುವುದು ಬರೀ ಒಳಗೆ ಬರಲು ಬಾಗಿಲು. ಉಳಿದ ಅಂಕಗಳೆಲ್ಲ ಲಕ್ಷಣಕ್ಕೆ, ಬೇರೆ ಟೆಸ್ಟ್‌ಗಳಿಗೆ.

"ಮೇಡಂ, ಅತ್ತೆಗೆ 1:80 ಬಂದಿದೆ. ಕ್ಯಾನ್ಸರಾ?" ಅಂತ ಕೊಪ್ಪದ ಕಡೆಯ ಸೊಸೆಯೊಬ್ಬಳು ಕೇಳಿದ್ದಳು. ಅತ್ತೆ ಪಕ್ಕದಲ್ಲೇ ಬೆಂಚಿನ ಮೇಲೆ ಎಲೆಯಡಿಕೆ ಜಗಿಯುತ್ತಾ ಕೂತಿದ್ದರು. ಅವರಿಗೆ ಇದ್ದದ್ದು ಮಂಡಿನೋವು, ಥೈರಾಯ್ಡ್. "ಕ್ಯಾನ್ಸರ್ ಟೆಸ್ಟ್ ಅಲ್ಲಮ್ಮ ಇದು. ಥೈರಾಯ್ಡ್ ಇದ್ದವರಿಗೆ, ವಯಸ್ಸಾದವರಿಗೆ ಇಷ್ಟು ಬರೋದು ಉಂಟು. ಡಾಕ್ಟರಿಗೆ ತೋರಿಸು, ಆದ್ರೆ ಇವತ್ತು ರಾತ್ರಿ ಆರಾಮಾಗಿ ಮಲಗು" ಅಂದೆ. ಅತ್ತೆ ನಕ್ಕು, "ನಾ ಆರಾಮಾಗೇ ಮಲಗ್ತೀನಿ, ಇವಳಿಗೆ ಹೇಳಿ" ಅಂದರು.

ಪ್ಯಾಟರ್ನ್ ವಿಷಯಕ್ಕೆ ಬಂದರೆ, ಈಗ ರಿಪೋರ್ಟಿನಲ್ಲಿ ಎಸಿ-1, ಎಸಿ-4 ಅಂತ ಸಂಖ್ಯೆಯೂ ಇರುತ್ತದೆ. ಎಸಿ-1 ಕೇಂದ್ರ ಪೂರ್ತಿ ಸಮನಾಗಿ ಹೊಳೆಯುವುದು, ಲೂಪಸ್‌ನಲ್ಲಿ ಹೆಚ್ಚು. ಎಸಿ-3 ಆಗಲೇ ಹೇಳಿದ ಸೆಂಟ್ರೋಮಿಯರ್. ಎಸಿ-4, ಎಸಿ-5 ಚುಕ್ಕೆ ಚುಕ್ಕೆಯ ಸ್ಪೆಕಲ್ಡ್, ಶೋಗ್ರೆನ್, ಲೂಪಸ್, ಇಂಥ ಹಲವು ಕಾಯಿಲೆಗಳ ಲಕ್ಷಣ ಬೆರೆತ ಮಿಶ್ರ ಕಾಯಿಲೆಗಳಲ್ಲಿ, ಕಡಿಮೆ ಟೈಟರಿನಲ್ಲಿ ಆರೋಗ್ಯವಂತರಲ್ಲೂ. ಎಸಿ-2, ದಟ್ಟ ಸಣ್ಣ ಚುಕ್ಕೆಯದು, ಸ್ವಾರಸ್ಯದ್ದು. ಟೈಟರ್ ಜೋರಿದ್ದರೂ, ಡಿಎಫ್‌ಎಸ್-70 ಆಂಟಿಬಾಡಿ ಒಂದೇ ಇದ್ದು ಬೇರೇನೂ ಇಲ್ಲದಿದ್ದರೆ ಕಾಯಿಲೆಯ ಸಾಧ್ಯತೆ ಕಡಿಮೆ. ಪ್ಯಾಟರ್ನ್ ಒಂದು ದಿಕ್ಕು ತೋರಿಸುತ್ತದೆ. ಅದರಿಂದಲೇ ಕಾಯಿಲೆಯ ಹೆಸರು ಹೇಳಲಾಗದು.

ಎರಡನೇ ಸುತ್ತು: ಯಾವ ಆಂಟಿಬಾಡಿ?

ಎಎನ್‌ಎ ಪಾಸಿಟಿವ್ ಬಂದು, ಲಕ್ಷಣವೂ ಹೊಂದಿಕೆಯಾದರೆ ಮಾತ್ರ ಮುಂದಿನ ಹೆಜ್ಜೆ. "ಎಎನ್‌ಎ ಪ್ರೊಫೈಲ್" ಅನ್ನುವ, ಒಂದೊಂದು ಆಂಟಿಬಾಡಿಗೆ ಒಂದೊಂದು ಗೆರೆ ಮೂಡುವ ಪಟ್ಟಿ (ಸ್ಟ್ರಿಪ್) ಟೆಸ್ಟಿಗೆ ಸಾದಾ ಎಎನ್‌ಎಯ ಹಲವು ಪಟ್ಟು ದುಡ್ಡು. ಎಎನ್‌ಎ ಪಾಸಿಟಿವ್ ಮತ್ತು ಅನುಮಾನ ಎರಡೂ ಇಲ್ಲದೆ ಈ ಉಪಟೆಸ್ಟ್‌ಗಳನ್ನು ಮಾಡಿಸಬೇಡಿ ಅಂತ ಅಮೆರಿಕದ ರುಮಟಾಲಜಿ ಸಂಸ್ಥೆ 2013ರಲ್ಲೇ ಹೇಳಿದೆ. ಒಂದು ವಿನಾಯಿತಿ ಉಂಟು: ಎಸ್‌ಎಸ್‌ಎ ಮತ್ತು ಜೋ-1 ಆಂಟಿಬಾಡಿಗಳು ಎಎನ್‌ಎ ನೆಗೆಟಿವ್ ಇದ್ದಾಗಲೂ ಇರಬಹುದು. ಒಣ ಬಾಯಿ ಒಣ ಕಣ್ಣು ಅಥವಾ ಸ್ನಾಯು ನಿಶ್ಶಕ್ತಿ ಜೋರಿದ್ದರೆ ಡಾಕ್ಟರು ನೇರವಾಗಿ ಬರೆಯುತ್ತಾರೆ.

ಡಿಎಸ್‌ಡಿಎನ್‌ಎ ಲೂಪಸ್‌ನದ್ದು, ಕಿಡ್ನಿಗೆ ತಗಲಿದಾಗ ಏರುವುದು ಹೆಚ್ಚು. ಎಸ್‌ಎಮ್ ಕೆಲವೇ ಲೂಪಸ್ ರೋಗಿಗಳಲ್ಲಿ ಸಿಗುತ್ತದೆ, ಸಿಕ್ಕಿದರೆ ಬಹುತೇಕ ಲೂಪಸ್ಸೇ. ಸ್ಕ್ಲ್-70 ಸ್ಕ್ಲೀರೋಡರ್ಮಾದ್ದು, ಶ್ವಾಸಕೋಶ ಗಟ್ಟಿಯಾಗುತ್ತಿದೆಯೇ ನೋಡಬೇಕೆಂಬ ಎಚ್ಚರಿಕೆ. ಯು1-ಆರ್‌ಎನ್‌ಪಿ ಮಿಶ್ರ ಕಾಯಿಲೆಯದು. ಪಟ್ಟಿಯಲ್ಲಿ ಒಂದು ಪ್ಲಸ್ ಮಾತ್ರ ಇರುವ ಮಂಕು ಗೆರೆಗೆ ಹೆಚ್ಚು ಬೆಲೆ ಕೊಡಬೇಡಿ. ಅಂಥ ಗೆರೆಗಳನ್ನು ನಾನು ದಿನಾ ನೋಡುತ್ತೇನೆ, ಅದರಲ್ಲೂ ಎಎನ್‌ಎ ಐಎಫ್ ನೆಗೆಟಿವ್ ಇದ್ದವರಲ್ಲಿ. ಕಿಡ್ನಿ, ಶ್ವಾಸಕೋಶ, ಸೈನಸ್ ಮೂರೂ ಕೆಟ್ಟಿರುವಾಗ ಬರೆಯುವ ಎಎನ್‌ಸಿಎ ಬೇರೆ ಟೆಸ್ಟ್. ಒಂದಕ್ಷರದ ವ್ಯತ್ಯಾಸಕ್ಕೆ ಕೌಂಟರಿನಲ್ಲಿ ತಪ್ಪು ಬಿಲ್ ಆಗುತ್ತದೆ, ಚೀಟಿ ಜೊತೆ ಹೋಲಿಸಿ ನೋಡಿಕೊಳ್ಳಿ.

ಮದುವೆಯಾದ ಹೆಣ್ಣುಮಕ್ಕಳು ಎಸ್‌ಎಸ್‌ಎ ಬಗ್ಗೆ ತಿಳಿದಿರಬೇಕು. ರೋ ಅಂತಲೂ ಕರೆಯುವ ಈ ಆಂಟಿಬಾಡಿ ತಾಯಿಯಿಂದ ಮಗುವಿಗೆ ದಾಟಿ, ಅಂಥ ನೂರು ಬಸಿರಿನಲ್ಲಿ ಒಂದೆರಡರಲ್ಲಿ ಮಗುವಿನ ಹೃದಯ ಬಡಿತಕ್ಕೆ ತಡೆ ಒಡ್ಡಬಹುದು. ನೂರರಲ್ಲಿ 98ರಲ್ಲಿ ಮಗುವಿನ ಹೃದಯಕ್ಕೆ ಹೀಗಾಗುವುದಿಲ್ಲ ಅನ್ನುವುದನ್ನೂ ನೆನಪಿಡಿ. ಗೊತ್ತಿದ್ದರೆ ನಾಲ್ಕನೇ ತಿಂಗಳಿಂದ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ. ಪದೇ ಪದೇ ಗರ್ಭ ಇಳಿಯುವವರಿಗೆ, ಚಿಕ್ಕ ವಯಸ್ಸಿನಲ್ಲಿ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಬೇರೆ ಮೂರು ಟೆಸ್ಟ್: ಲೂಪಸ್ ಆಂಟಿಕೋಯಾಗ್ಯುಲಂಟ್, ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ಮೊದಲನೆಯದಕ್ಕೆ ನೀಲಿ ಮುಚ್ಚಳದ ಟ್ಯೂಬು ಬೇಕು, ರಕ್ತ ತೆಳುಮಾಡುವ ಔಷಧ ಶುರುಮಾಡುವ ಮೊದಲೇ ಕೊಡುವುದು ಒಳ್ಳೆಯದು. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಲೇಬೇಕು. ಯಾವುದೋ ಸೋಂಕಿಗೆ ತಾತ್ಕಾಲಿಕವಾಗಿ ಏರಿದ್ದು ಅಷ್ಟರಲ್ಲಿ ಇಳಿದಿರುತ್ತದೆ.

ಕೀಲು ಊದಿದ ಮಕ್ಕಳಲ್ಲಿ ಎಎನ್‌ಎ ಕೇಳುವುದು ಮುಖ್ಯವಾಗಿ ಕಣ್ಣಿಗಾಗಿ. ಪಾಸಿಟಿವ್ ಇದ್ದರೆ ಕಣ್ಣಿನೊಳಗೆ ನೋವಿಲ್ಲದ ಉರಿಯೂತ ಬರುವ ಅಪಾಯ ಹೆಚ್ಚು, ಆಗಾಗ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ರಿಪೋರ್ಟ್ ಕೈಗೆ ಬಂದ ಮೇಲೆ

ಎಲ್ಲಕ್ಕಿಂತ ಮೊದಲು, ರಿಪೋರ್ಟಿಗೆ ಕಾಯಬಾರದ ಸಂದರ್ಭಗಳಿವೆ. ಮೂತ್ರ ಕಡಿಮೆಯಾಗಿ ಮುಖ, ಕಾಲು ಊದಿದರೆ, ಉಸಿರು ಸಿಕ್ಕಿಹಾಕಿಕೊಂಡರೆ, ಕೆಮ್ಮಿದಾಗ ರಕ್ತ ಬಂದರೆ, ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು ಕಣ್ಣು ಮಂಜಾದರೆ, ಒಂದೇ ಕೀಲು ಬೆಂಕಿಯಂತೆ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆಗಲಿ, ಹತ್ತಿರದ್ದು ಯಾವುದಾಗಲಿ.

ಉಳಿದಂತೆ ಮೊದಲು ನಿಮ್ಮ ಖಾಯಂ ಡಾಕ್ಟರು ಅಥವಾ ಫಿಸಿಷಿಯನ್, ಅವರು ಹೇಳಿದರೆ ರುಮಟಾಲಜಿಸ್ಟ್. ಎಲುಬಿನ ಡಾಕ್ಟರ ಬಳಿ ಹೋಗುವುದು ನಮ್ಮ ಕಡೆ ರೂಢಿ, ಆದರೆ ಈ ಕಾಯಿಲೆಗಳು ಅವರ ಕ್ಷೇತ್ರದ್ದಲ್ಲ. ತೀರ್ಥಹಳ್ಳಿ ಕಡೆಯವರು ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದುಂಟು. ಅಷ್ಟು ದೂರ ಹೋಗುವಾಗ ರಿಪೋರ್ಟಿನ ಜೊತೆ ಕೈ ಊದಿದಾಗ, ದದ್ದು ಎದ್ದಾಗ, ಬೆರಳು ಬೆಳ್ಳಗಾದಾಗ ಮೊಬೈಲಿನಲ್ಲಿ ತೆಗೆದ ಫೋಟೋ ತೆಗೆದುಕೊಂಡು ಹೋಗಿ. ನೀವು ಹೋದ ದಿನ ಬೆರಳು ಸರಿಯಾಗೇ ಇರುತ್ತದೆ, ಆ ಫೋಟೋ ಇನ್ನೊಂದು ಟೆಸ್ಟಿಗಿಂತ ಹೆಚ್ಚು ಹೇಳುತ್ತದೆ. ಯಾರೋ ಬರೆದ ಸ್ಟೀರಾಯ್ಡ್ ಮಾತ್ರೆಯನ್ನು ನುಂಗುತ್ತಾ ಹೋಗಿದ್ದರೆ ಅದನ್ನು ಮುಚ್ಚಿಡಬೇಡಿ, ಊತ ಇಳಿದು ಕಾಯಿಲೆಯೇ ಮರೆಯಾಗಿರುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಒಮ್ಮೆಗೇ ನಿಲ್ಲಿಸುವುದೂ ಅಪಾಯ.

ಎಎನ್‌ಎ ಒಮ್ಮೆ ಪಾಸಿಟಿವ್ ಬಂದರೆ ಮತ್ತೆ ಮತ್ತೆ ಮಾಡಿಸಬೇಡಿ. "ಔಷಧಕ್ಕೆ ಇಳಿದಿದೆಯಾ ನೋಡೋಣ" ಅಂತ ಪ್ರತಿ ಮೂರು ತಿಂಗಳಿಗೆ ಬರುವವರಿದ್ದಾರೆ. ಟೈಟರ್ ಇಳಿಯುವುದಕ್ಕೂ ಕಾಯಿಲೆ ಇಳಿಯುವುದಕ್ಕೂ ತಾಳೆಯಿಲ್ಲ. ಆರ್‌ಎಫ್, ಸಿಸಿಪಿಯೂ ಹಾಗೆಯೇ. ಲೂಪಸ್ ಖಚಿತವಾದವರಿಗೆ ಡಾಕ್ಟರು ಆಗಾಗ ನೋಡುವುದು ಡಿಎಸ್‌ಡಿಎನ್‌ಎ, ಸಿ3, ಸಿ4 (ರಕ್ಷಣಾ ವ್ಯವಸ್ಥೆಯ ಎರಡು ಪ್ರೋಟೀನು), ಸಿಬಿಸಿ, ಕ್ರಿಯಾಟಿನಿನ್ ಮತ್ತು ಮೂತ್ರ. ಡಿಎಸ್‌ಡಿಎನ್‌ಎ ಏರಿ ಸಿ3, ಸಿ4 ಇಳಿದರೆ ಕಾಯಿಲೆ ಕೆರಳುತ್ತಿರಬಹುದು ಅಂತ ಅರ್ಥ. ಇವನ್ನು ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ನಮ್ಮದೇ ಆಗಬೇಕೆಂದಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಕಿಟ್ ಬೇರೆ, ಮಿತಿ ಬೇರೆ, ಹೋದ ಸಲದ ಸಂಖ್ಯೆಯನ್ನು ಈ ಸಲದ್ದಕ್ಕೆ ಹೋಲಿಸಲು ಬರುವುದಿಲ್ಲ. ಮೂತ್ರವನ್ನು ಬೆಳಗಿನ ಮೊದಲನೆಯದನ್ನು, ನಡುಧಾರೆಯದನ್ನು ಹಿಡಿದು, ಎರಡು ಗಂಟೆಯೊಳಗೆ ತಲುಪಿಸಿ. ದೂರದವರು ಲ್ಯಾಬಿಗೆ ಬಂದು ಇಲ್ಲೇ ಕೊಡುವುದು ವಾಸಿ.